ಎರಡೇ ಹಕ್ಕಿಯ ಹಾಳೆ

ಕಣ್ಣಾರೆ ಕಂಡ ಹಕ್ಕಿಯನ್ನು ಮಾತ್ರ ಬರೆಯಬೇಕು. ಹೆಬ್ಬಾಳ ಕೆರೆಯಲ್ಲಿ ಮಕ್ಕಳ ಹಕ್ಕಿ ಎಣಿಕೆಗೆ ನಾನೇ ಮಾಡಿದ ನಿಯಮ ಇದು. ಹೆಚ್ಚು ಹಕ್ಕಿ ಗುರುತಿಸಿದವರಿಗೆ ಬೈನಾಕ್ಯುಲರ್ ಬಹುಮಾನ. ಅರ್ಧ ಗಂಟೆಯೊಳಗೆ ಅಪ್ಪ-ಅಮ್ಮಂದಿರು ಮೊಬೈಲ್ ನೋಡಿ ಹೆಸರು ಹೇಳಿಕೊಡತೊಡಗಿದರು. ಒಂದು ಹಾಳೆಯಲ್ಲಂತೂ ಕೆರೆಯಲ್ಲೆಲ್ಲೂ ಇಲ್ಲದ ರಾಜಹಂಸವೂ ಬಂದಿಳಿದಿತ್ತು.

"ಇದು ಸರಿಯಲ್ಲ ಕಣ್ರೀ," ಎಂದು ಗದರಿದೆ.

"ಎಲ್ರೂ ಬರೆಸ್ತಿದಾರಲ್ಲ ಸಾರ್, ನನ್ನ ಮಗ ಒಬ್ಬನೇ ಯಾಕೆ ಸೋಲ್ಬೇಕು?" ಎಂದರು ಒಬ್ಬ ತಾಯಿ.

ಅಬ್ಬಿಗೆರೆಯಿಂದ ತಾತನ ಜೊತೆ ಬಂದಿದ್ದ ಹುಡುಗಿಯ ಹಾಳೆಯಲ್ಲಿ ಎರಡೇ ಹೆಸರು. ಅವಳ ಕಣ್ಣೆಲ್ಲ ಬೈನಾಕ್ಯುಲರ್ ಮೇಲೆ. ನನಗೇ ತಡೆಯಲಾಗಲಿಲ್ಲ.

"ಈಗ ತಾನೆ ಮಿಂಚುಳ್ಳಿ ಹಾರ್ತಲ್ಲ, ಬರ್ಕೊಳಮ್ಮ," ಎಂದೆ.

"ನೀವು ನೋಡಿದ್ರಿ ಸಾರ್. ನಾನು ನೋಡ್ಲಿಲ್ಲ," ಎಂದವಳು ಪೆನ್ಸಿಲನ್ನು ನನ್ನ ಕೈಗೇ ಕೊಟ್ಟು, ಕೆರೆಯ ಕಡೆ ತಿರುಗಿ ಕೂತಳು.