ಸೂಜಿಯಕ್ಕನ ಹತ್ತು ಬೆರಳು

ಸೂಜಿಯಕ್ಕನಿಗೆ ಸಿಟ್ಟು ಬಂದರೆ ಬಾಯಿ ಓಡುತ್ತಿರಲಿಲ್ಲ, ಕೈ ಓಡುತ್ತಿತ್ತು. ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಹಾಳೆ ಮಡಚಿ, ಹೊಲಿದು, ಅಂಟು ಬಳಿದವಳು. ಮಾಲೀಕ ಬೈದ ದಿನ ಅವಳ ಮೇಜಿನಿಂದ ಬೇರೆಯವರ ಎರಡರಷ್ಟು ಪುಸ್ತಕ ಏಳುತ್ತಿದ್ದವು. “ಸಾಹೇಬ್ರೆ, ಅಕ್ಕನ್ನ ಬೆಳಿಗ್ಗೆನೇ ಒಂದ್ಸಲ ಕೆಣಕಿಬಿಡಿ, ಸಂಜೆಗೆ ಲೋಡು ರೆಡಿ” ಎಂದು ಜೊತೆಯ ಹೆಂಗಸರು ನಗೆಯಾಡುತ್ತಿದ್ದರು.

ಅವಳಿಗೆ ಒಂದು ದೇಶದ ಹುಚ್ಚು ಹತ್ತಿದ್ದೂ ಸಿಟ್ಟಿನಿಂದಲೇ. ಶಾಲೆ ಮಕ್ಕಳ ಭೂಪಟದ ಪುಸ್ತಕದಲ್ಲಿ ಎರಡು ಪುಟಕ್ಕೆ ಹರಡಿದ ಒಂದು ನಕ್ಷೆ. ಅದರ ನಡುಮಡಿಕೆಯಲ್ಲಿ ಅಂಗಿಯ ಗುಂಡಿಯಷ್ಟು ಒಂದು ದೇಶ. ಹೊಲಿಗೆ ಬೀಳುವುದು ಸರಿಯಾಗಿ ಅದರ ಮೇಲೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಮಾಲೀಕನಿಗೆ ಹೇಳಿದ್ದಳು, “ಸಾಹೇಬ್ರೆ, ಈ ದೇಶ ಹೊಲಿಗೆಯಲ್ಲಿ ಮುಚ್ಚಿಹೋಗುತ್ತೆ. ಮುದ್ರಿಸೋವಾಗ ನಕ್ಷೆನ ಒಂದು ಬೆರಳು ಆಚೆ ಸರಿಸೋಕೆ ಹೇಳಿ.”

ಅವನು ತಲೆಯೂ ಎತ್ತಲಿಲ್ಲ. “ಅಲ್ಲಿಗೆ ಯಾರಮ್ಮ ಹೋಗ್ತಾರೆ? ಹೊಲಿ.”

ಹೊಲಿದಳು. ವರ್ಷವರ್ಷವೂ ಸಾವಿರಾರು ಸಲ ಆ ದೇಶದ ಎದೆಗೆ ಸೂಜಿ ಇಳಿಸಿದಳು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು, ಆದರೂ ಅಲ್ಲಿನ ನದಿ ಎಲ್ಲಿ ಹುಟ್ಟಿ ಎಲ್ಲಿ ತಿರುಗುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲಳು. ‘ಯಾರು ಹೋಗ್ತಾರೆ’ ಎಂಬ ಮಾತು ಮಾತ್ರ ಹಲ್ಲಿನ ಸಂದಿಯ ನಾರಿನಂತೆ ಉಳಿದುಬಿಟ್ಟಿತ್ತು. ಗಂಡ ತೀರಿಕೊಂಡ, ಮಗನ ಮದುವೆಯಾಯಿತು, ಅವಳಿಗೆ ಅರವತ್ತು ತುಂಬಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟಳು: “ನಾನು ಆ ದೇಶ ನೋಡ್ಕೊಂಡು ಬರ್ತೀನಿ.”

ಮಗ ತುತ್ತು ಕೈಯಲ್ಲೇ ಹಿಡಿದು ನಕ್ಕ. “ಅಲ್ಲೇನಿದೆಯಮ್ಮಾ? ಟಿಕೆಟ್ ಅಂಗಡಿಯವನಿಗೇ ಗೊತ್ತಿರಲ್ಲ ಅದು.”

“ಕೇಳಿ ಬಂದಿದೀನಿ. ಮೂರು ವಿಮಾನ ಬದಲಾಯಿಸ್ಬೇಕು. ವಾರಕ್ಕೆರಡೇ ಸಲ ಹೋಗೋದು. ನಾನೇನು ದಿನಾ ಹೋಗ್ಬೇಕಾ?”

ಸೊಸೆ ಜಾಣೆ, ಮಾತಿಗೆ ಬೆಣ್ಣೆ ಹಚ್ಚಿದಳು. “ಅತ್ತೆ, ನಮ್ಮಮ್ಮ ಬೆಟ್ಟದ ಮೇಲಿನ ಊರಿಗೆ ಬಸ್ಸಲ್ಲಿ ಹೊರಟಿದಾರೆ. ಎಲ್ಲರೂ ಹೋಗೋ ಜಾಗ. ನಿಮಗೂ ಒಂದು ಸೀಟು ಹೇಳ್ಬಿಟ್ಟಿದೀನಿ.”

“ನಿಮ್ಮಮ್ಮ ಊರು ನೋಡಲ್ಲ ಕಣೇ, ಕಿಟಕಿ ಪಕ್ಕ ಕೂತು ನಿದ್ದೆ ಮಾಡ್ತಾರೆ. ಆ ಗೊರಕೆ ಕೇಳೋಕೆ ನಾನು ಬೆಟ್ಟ ಹತ್ತಬೇಕಾ?”

ಪಾಸ್‌ಪೋರ್ಟ್ ಕಚೇರಿಗೆ ಹೋಗುವ ದಿನ ಅವಳು ಬೆಳಿಗ್ಗೆ ಬೇಗ ಎದ್ದಳು. ಪುಸ್ತಕ ಕಟ್ಟುವ ಕೆಲಸದವರಿಗೆ ಒಂದು ರೂಢಿಯಿದೆ. ಬೆರಳತುದಿಗೆ ಒಣಗಿ ಹತ್ತಿದ ಅಂಟು ಸೋಪಿಗೆ ಬಗ್ಗುವುದಿಲ್ಲ, ಪುಸ್ತಕದ ಅಂಚು ನುಣುಪು ಮಾಡುವ ಮರಳುಕಾಗದದಲ್ಲೇ ತಿಕ್ಕಿ ತೆಗೆಯುತ್ತಾರೆ. ದೊಡ್ಡ ಕಚೇರಿ, ಕೊಳಕು ಕೈ ತೋರಿಸಬಾರದೆಂದು ಅವಳು ಅಂದು ಹತ್ತೂ ಬೆರಳನ್ನು ಎರಡೆರಡು ಸಲ ತಿಕ್ಕಿದಳು. ಬೆರಳು ಹೊಳೆದವು.

ಕಚೇರಿಯಲ್ಲಿ ಬೆರಳಚ್ಚಿನ ಯಂತ್ರದ ಗಾಜಿನ ಮೇಲೆ ಕೈಯಿಟ್ಟಳು. ಕೆಂಪು ದೀಪ. ಮತ್ತೆ ಇಟ್ಟಳು, ಮತ್ತೆ ಕೆಂಪು. ಗುಮಾಸ್ತ ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿದ.

“ಅಮ್ಮಾ, ನಿಮ್ಮ ಬೆರಳಲ್ಲಿ ಗೆರೆನೇ ಇಲ್ಲವಲ್ಲ. ಏನು ಮಾಡ್ಕೊಂಡ್ರಿ?”

“ಕೆಲಸ ಮಾಡ್ಕೊಂಡೆ” ಎಂದಳು ಅವಳು.

“ನೀರು, ಸೋಪು, ಕಾಗದ ಯಾವುದೂ ಮುಟ್ಬೇಡಿ. ಗೆರೆ ಮತ್ತೆ ಮೂಡುತ್ತೆ. ಆರು ವಾರ ಬಿಟ್ಟು ಬನ್ನಿ. ಆಗಲೂ ಬರದಿದ್ರೆ ಅರ್ಜಿ ರದ್ದು.”

ಜೊತೆಗೆ ಬಂದಿದ್ದ ಮಗನ ಮುಖದಲ್ಲಿ ನೆಮ್ಮದಿ ಕಂಡಿತು. “ಬಿಡಮ್ಮ, ಒಳ್ಳೇದೇ ಆಯ್ತು. ಬಸ್ಸಿಗೆ ಬೆರಳಚ್ಚು ಕೇಳಲ್ಲ.”

ಅವಳಿಗೆ ಮರಳುಕಾಗದ ಹಿಡಿದ ತನ್ನ ಕೈಯ ಮೇಲೆ ಸಿಟ್ಟು, ಮಾಲೀಕನ ಮೇಲೆ ಸಿಟ್ಟು, ‘ಒಳ್ಳೇದೇ ಆಯ್ತು’ ಎಂದ ಮಗನ ಮೇಲೆ ಎಲ್ಲಕ್ಕಿಂತ ಹೆಚ್ಚು. ಮನೆಗೆ ಬಂದವಳೇ ಹತ್ತೂ ಬೆರಳಿಗೆ ಎಣ್ಣೆ ಸವರಿ, ಹಳೇ ಹತ್ತಿಬಟ್ಟೆ ಸುತ್ತಿ, ಕುರ್ಚಿಯಲ್ಲಿ ಕೂತಳು. “ಇವತ್ತಿಂದ ಈ ಕೈ ರಜಾದಲ್ಲಿದೆ. ಮನೆಗೂ, ಕಾರ್ಖಾನೆಗೂ.”

ಮೊದಲ ದಿನ ತಮಾಷೆ ಎಂದುಕೊಂಡರು. ಮೂರನೇ ದಿನ ತೊಟ್ಟಿ ತುಂಬ ಪಾತ್ರೆ. ಐದನೇ ದಿನ ಮಗನಿಗೆ ಒಗೆದ ಅಂಗಿಯಿಲ್ಲ. ಕೈ ಕಟ್ಟಿ ಕೂತ ಮೇಲೆ ಸಿಟ್ಟಿಗೆ ಹೋಗಲು ದಾರಿ ಬೇಡವೇ? ಅದು ಬಾಯಿಗೆ ಬಂತು. ಮೂವತ್ತೆಂಟು ವರ್ಷದ ಬಾಕಿಯೆಲ್ಲ ಒಟ್ಟಿಗೆ ಬಂತು.

“ಅತ್ತೆ, ಒಂದೇ ಒಂದು ಪಾತ್ರೆ...”

“ಒಂದು ಪಾತ್ರೆ ಅಂದ್ರೆ ಒಂದು ಗೆರೆ. ನಿನ್ನ ಬೆರಳಲ್ಲಿ ಬೇಕಾದಷ್ಟಿದೆ, ತೊಳಿ.”

“ಅಮ್ಮ, ನೀನು ಹೀಗಿರಲಿಲ್ಲ.”

“ಇದ್ದೆ ಕಣೋ. ನಿನ್ನ ಅಂಗಿ ಒಗೆಯೋ ಸದ್ದಲ್ಲಿ ನಿನಗೆ ಕೇಳಿಸಲಿಲ್ಲ.”

ನಾಲ್ಕನೇ ವಾರ ಮಾಲೀಕನೇ ಮನೆಗೆ ಬಂದ. ಶಾಲೆ ಶುರುವಾಗುವ ಹೊತ್ತು, ಎರಡು ಸಾವಿರ ಭೂಪಟ ಹೊಲಿಯದೆ ಬಿದ್ದಿದ್ದವು. ಕುರ್ಚಿಯ ತುದಿಯಲ್ಲಿ ಕೂತು ದನಿ ತಗ್ಗಿಸಿದ. “ಒಂದೇ ವಾರ ಬಾ ಅಕ್ಕ. ನಿನ್ನ ಮಗನೇ ಬಂದು ಕರೀರಿ ಅಂದ, ಮನೇಲಿ ಸುಮ್ನೆ ಕೂತಿದಾಳೆ ಅಂದ.”

ಅವಳು ಮಗನ ಕಡೆ ನೋಡಿದಳು. ಅವನು ಗೋಡೆ ನೋಡಿದ.

“ಓಹೋ! ವಾರ ಪೂರ್ತಿ ಕಾಗದ ತಿಕ್ಕಿದ್ರೆ ಬಂದಿರೋ ಗೆರೆನೂ ಹೋಗುತ್ತೆ, ಅಮ್ಮ ಬಸ್ಸು ಹತ್ತುತ್ತಾಳೆ. ಚೆನ್ನಾಗಿದೆ ಲೆಕ್ಕ.” ಮಾಲೀಕನತ್ತ ತಿರುಗಿದಳು. “ಸಾಹೇಬ್ರೆ, ನೀವು ಅಲ್ಲಿಗೆ ಯಾರು ಹೋಗ್ತಾರೆ ಅಂದಿರಿ. ನಾನು ಹೋಗ್ತೀನಿ. ನಿಮ್ಮ ಪುಸ್ತಕ ನೀವೇ ಹೊಲೀರಿ.”

“ಆಮೇಲೆ ಕೆಲಸ ಇರಲ್ಲಕ್ಕ.”

“ಬೇಡ. ಬಾಗಿಲು ಎಳ್ಕೊಂಡು ಹೋಗಿ, ನಾನು ಕೈ ಹಾಕೋ ಹಾಗಿಲ್ಲ.”

ಅವನು ಹೋದ ಮೇಲೆ ಅವಳು ಮಗನನ್ನೇ ಕೇಳಿದಳು, “ನೀನು ಬೇಡ ಅಂದಿದ್ರೆ ಜಗಳ ಆಡ್ತಿದ್ದೆ ಮಗಾ. ಬೆನ್ನ ಹಿಂದೆ ಯಾಕೆ ಹೋದೆ?” ಮಗ ಎದ್ದುಹೋಗಿ ತೊಟ್ಟಿಯ ಪಾತ್ರೆಗೆ ಕೈಹಾಕಿದ. ಒಂದು ಲೋಟ ಒಡೆದ. ಅವಳು ಕೂತಲ್ಲಿಂದಲೇ, “ಅದು ಚೆನ್ನಾಗಿರೋ ಲೋಟ ಕಣೋ, ಮುಠ್ಠಾಳ” ಎಂದಳು.

ಆರು ವಾರ ತುಂಬಿದ ದಿನ ಅದೇ ಗುಮಾಸ್ತ, ಅದೇ ಗಾಜು. ಒಂಬತ್ತು ಬೆರಳಿಗೆ ಹಸಿರು ದೀಪ ಬಂತು. ಬಲಗೈ ಹೆಬ್ಬೆರಳಿಗೆ ಬರಲಿಲ್ಲ. ಹಾಳೆಯ ಮಡಿಕೆ ತಿಕ್ಕುತ್ತಿದ್ದ ಬೆರಳು ಅದು. ಎರಡನೇ ಸಲವೂ ಕೆಂಪು.

“ಇನ್ನೊಂದೇ ಸಲ ಅಮ್ಮಾ. ಅಷ್ಟು ಸಿಟ್ಟಲ್ಲಿ ಒತ್ಬೇಡಿ, ಗೆರೆ ಚಪ್ಪಟೆ ಆಗುತ್ತೆ. ಮೆಲ್ಲಗೆ ಇಡಿ.”

ಮೆಲ್ಲಗೆ ಇಡುವುದನ್ನು ಆ ಬೆರಳಿಗೆ ಯಾರು ಕಲಿಸಿದ್ದರು? ಅವಳು ಉಸಿರು ಬಿಟ್ಟಳು. ಹಸಿ ಅಂಟಿನ ರಟ್ಟು ಒಣಗಿತೇ ಎಂದು ಸೋಕಿ ನೋಡುವ ಹಾಗೆ ಹೆಬ್ಬೆರಳನ್ನು ಗಾಜಿಗೆ ತಾಗಿಸಿದಳು. ಯಂತ್ರ ಸ್ವಲ್ಪ ಯೋಚಿಸಿತು. ಹಸಿರಾಯಿತು.

ಮೆಟ್ಟಿಲಿಳಿಯುವಾಗ ಮಗ ಮೆತ್ತಗೆ ಕೇಳಿದ, “ಈಗಾದ್ರೂ ಸಿಟ್ಟು ಇಳೀತಾ ಅಮ್ಮ?”

“ಇಲ್ಲ. ಮೂರನೇ ವಿಮಾನ ಹತ್ತಿದ ಮೇಲೆ ನೋಡೋಣ. ಬೇಗ ನಡಿ, ಟಿಕೆಟ್ ಅಂಗಡಿ ಮುಚ್ಚಿಬಿಡ್ತಾನೆ.”