ನಾಲ್ಕು ಬೆರಳುದ್ದದ ಚೂರಿ

ಗಿರಿಜಕ್ಕ ಚೂರಿ ಬಿಚ್ಚಿದ ಕೂಡಲೇ ಆ ರೈಲು ಡಬ್ಬಿಯಲ್ಲಿ ಹೊಸಬರು ಯಾರು, ಹಳಬರು ಯಾರು ಎಂದು ಗೊತ್ತಾಗಿಬಿಡುತ್ತಿತ್ತು. ಹೊಸಬರು ಹಿಂದೆ ಸರಿಯುತ್ತಿದ್ದರು, ಹಳಬರು ತಮ್ಮ ಬೀನ್ಸಿನ ಚೀಲವನ್ನು ಮುಂದೆ ಚಾಚುತ್ತಿದ್ದರು. ಠಾಣೆ ರೈಲು ನಿಲ್ದಾಣದಿಂದಲೇ ಹೊರಡುವ ಸಂಜೆಯ ಸ್ಲೋ ಲೋಕಲ್, ಹೆಂಗಸರ ಡಬ್ಬಿ, ಕಿಟಕಿ ಪಕ್ಕದ ಸೀಟು. ಗಾಡಿ ಅಲುಗಿದ್ದೇ ತಡ, ಅವರ ಮಡಿಲಿಗೆ ಪ್ಲಾಸ್ಟಿಕ್ ಬುಟ್ಟಿ ಬರುತ್ತಿತ್ತು. ಕಳವಾ ಬರುವಷ್ಟರಲ್ಲಿ ಬೀನ್ಸ್ ಮುಗಿದು, ಮುಂಬ್ರಾ ದಾಟುವಾಗ ಬದನೆಕಾಯಿ ಹೋಳಾಗಿ, ದಿವಾದಲ್ಲಿ ಜನ ನುಗ್ಗುವ ಹೊತ್ತಿಗೆ ಚೂರಿ ಮಡಚಿಕೊಂಡು ಬ್ಯಾಗು ಸೇರಿರುತ್ತಿತ್ತು. "ದಿವಾದಲ್ಲಿ ಚೂರಿ ಬಿಚ್ಚಿ ಕೂತ್ರೆ ನಾವೇ ಪಲ್ಯ ಆಗ್ತೇವೆ," ಎನ್ನುತ್ತಿದ್ದರು.

ಗಿರಿಜಕ್ಕ ಉಡುಪಿ ಕಡೆಯವರು, ಮದುವೆಯಾಗಿ ಇದೇ ಲೈನಿನ ಕಲ್ಯಾಣಕ್ಕೆ ಬಂದವರು. ಠಾಣೆಯ ನೌಪಾಡಾದ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದರು. ನಾನು ಅದೇ ರಸ್ತೆಯ ಇನ್ನೊಂದು ಆಫೀಸಿನವಳು, ಮನೆ ಡೊಂಬಿವಲಿ. ಮೊದಲ ಎರಡು ವಾರ ನಾವಿಬ್ಬರೂ ಪರಸ್ಪರ ಹರಕುಮುರುಕು ಮರಾಠಿಯಲ್ಲೇ ಮಾತಾಡಿಕೊಂಡೆವು. ಒಂದು ದಿನ ಅವರು ಬೆಂಡೆಕಾಯಿಗೆ, "ಇದೆಂತ ಮಾರಾಯ್ತಿ, ಕಟ್ಟಿಗೆಯ ಹಾಗೆ ಬೆಳ್ದಿದ್ದಿ!" ಎಂದು ಬೈದರು. "ಅಯ್ಯ, ನೀವು ಕನ್ನಡದೋರೇನ್ರೀ ಅಕ್ಕಾ?" ಎಂದೆ. ಅಂದಿನಿಂದ ಅವರ ಪಕ್ಕದ ಸೀಟು ನನ್ನದಾಯಿತು.

ಬ್ಯಾಗಿನಲ್ಲಿ ದಿನವೂ ಇಟ್ಟುಕೊಳ್ಳುವ ಚೂರಿಯನ್ನು ಆರಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಗಂಡು ನೋಡುವಾಗಲೂ ನಮ್ಮ ಹಿರಿಯರು ಅಷ್ಟು ವಿಚಾರಿಸಿದ್ದನ್ನು ನಾನು ಕಂಡಿಲ್ಲ. ಅಲಗು ನಾಲ್ಕು ಬೆರಳಿಗಿಂತ ಉದ್ದ ಇರಕೂಡದು. "ಅದಕ್ಕಿಂತ ಉದ್ದ ಇದ್ರೆ ತರಕಾರಿಗೆ ಅಂತ ಪೊಲೀಸರು ನಂಬುದಿಲ್ಲ." ಉಗುರು ಕತ್ತರಿಸಿದ ಮರುದಿನವೂ, ಕೈ ಒದ್ದೆಯಿದ್ದರೂ ಬಿಚ್ಚಲು ಬರಬೇಕು. ಬಿಚ್ಚಿದಾಗ ಬಾಗಿಲಿಗೆ ಚಿಲಕ ಬಿದ್ದ ಹಾಗೆ ಟಕ್ ಎನ್ನಬೇಕು. ಫಳಫಳ ಹೊಳೆಯುವ ಅಲಗೆಂದರೆ ಅವರಿಗೆ ಅನುಮಾನ. ನಿಂಬೆಹುಳಿ ತಾಗಿ ಕಪ್ಪಾಗುವ, ದಿನಾ ಒರೆಸಿ ತೆಂಗಿನೆಣ್ಣೆ ಸವರಿಸಿಕೊಳ್ಳುವ ಉಕ್ಕೇ ಒಳ್ಳೆಯದು. "ನೋಡಿಕೊಂಡ್ರೆ ಮಾತ್ರ ಉಳಿತದೆ ಅಂತ ಅದೇ ಹೇಳ್ತದಲ್ಲ. ಮನುಷ್ಯರು ಹೇಳ್ತಾರಾ?"

ಕೊನೆಯದು ಟೊಮೆಟೊ ಪರೀಕ್ಷೆ. ಹಣ್ಣಾದ ಟೊಮೆಟೊ ಮೇಲೆ ಚೂರಿಯನ್ನು ಸುಮ್ಮನೆ ಇಟ್ಟು ಎಳೆಯಬೇಕು, ಒತ್ತಕೂಡದು. ಸಿಪ್ಪೆ ತಾನಾಗಿ ಬಿಟ್ಟುಕೊಂಡರೆ ಪಾಸು. ಈ ಪರೀಕ್ಷೆಗೆಂದು ಅವರು ನೌಪಾಡಾದ ಹಾರ್ಡ್‌ವೇರ್ ಅಂಗಡಿಗೆ ಮನೆಯಿಂದಲೇ ಟೊಮೆಟೊ ಒಯ್ಯುತ್ತಿದ್ದರು. ಅಂಗಡಿಯ ಮುದುಕ ಇವರನ್ನು ದೂರದಿಂದ ಕಂಡೊಡನೆ ಗಲ್ಲಾಪೆಟ್ಟಿಗೆಯ ಮೇಲೆ ಹಳೇ ಪೇಪರ್ ಹಾಸಿ, "ತಾಈ, ಆಜ್ ಕಿತಿ ಟೊಮ್ಯಾಟೊ?" ಎಂದು ಕೇಳುತ್ತಿದ್ದ, ಇವತ್ತು ಎಷ್ಟು ಟೊಮೆಟೊ ಎಂದು. ಒಂದು ಶನಿವಾರ ಹದಿನಾರು ಚೂರಿ ಪರೀಕ್ಷೆಯಾಗಿ ಹದಿನಾರೂ ಫೇಲಾದವು. ಮುದುಕ ಆ ಟೊಮೆಟೊಗಳನ್ನೇ ಹೆಚ್ಚಿ ಉಪ್ಪು ಹಚ್ಚಿ ನಮಗೂ ಕೊಟ್ಟು ತಾನೂ ತಿಂದ. ವ್ಯಾಪಾರವಾಗದ ದಿನವೂ ಅವನು ಉಪವಾಸ ಬೀಳದಂತೆ ನೋಡಿಕೊಂಡ ಗಿರಾಕಿ ಗಿರಿಜಕ್ಕ ಒಬ್ಬರೇ ಇರಬೇಕು.

ಹೀಗೆ ಆರಿಸಿ ಆರಿಸಿ ನಮ್ಮ ಡಬ್ಬಿಯ ಅರ್ಧ ಹೆಂಗಸರಿಗೆ ಚೂರಿ ಕೊಡಿಸಿದರು. ಬದ್ಲಾಪುರದ ನರ್ಸಿಗೆ ಹಗುರದ್ದು, ಠಾಕುರ್ಲಿಯ ಟೀಚರಿಗೆ ಎಡಗೈಯಲ್ಲಿ ಬಿಚ್ಚುವಂಥದ್ದು. ನನಗೆ ಮಾತ್ರ ಇಲ್ಲ. ಒಂಬತ್ತು ವರ್ಷ ಕೇಳಿದೆ.

"ಅಕ್ಕಾ, ನನಗೂ ಒಂದು ಆರಿಸಿ ಕೊಡ್ರಿ."

"ನಿನ್ನ ಕೈ ಇನ್ನೂ ಪಳಗ್ಲಿಲ್ಲ. ಹೆಬ್ಬೆರಳು ಎದುರಿಗೆ ಇಟ್ಟು ಕೊಯ್ತಿ. ಮಾತಾಡ್ತಾ ಕೊಯ್ತಿ. ಸದ್ಯಕ್ಕೆ ನನ್ನದೇ ತಗೊ."

ನನ್ನ ಅಪ್ಪ ವಿಜಯಪುರದಿಂದ ಬಂದು ಕಳಂಬೋಲಿಯ ಲೋಖಂಡ್ ಬಜಾರಿನಲ್ಲಿ ಆಯುಷ್ಯವಿಡೀ ಕಬ್ಬಿಣ ಹೊತ್ತವರು. ಅವರ ಮಗಳಿಗೆ ನಾಲ್ಕು ಬೆರಳಿನ ಉಕ್ಕು ಹಿಡಿಯುವ ಯೋಗ್ಯತೆ ಇಲ್ಲವೆಂದರೆ ಹೇಗಾಗಬೇಡ! ನನಗೆ ನಿಜಕ್ಕೂ ಅವಮಾನವಾಗುತ್ತಿತ್ತು. ಅಪ್ಪನಿಗೆ ಹೇಳಿದರೆ, "ಬ್ಯಾರೇದೋರ ಚಾಕು ಎಷ್ಟು ದಿನಾ ಬೇಡ್ತಿ? ನಿಂದ ಒಂದು ತಗೋಬಾರ್ದೇನು?" ಎಂದು ನನ್ನನ್ನೇ ಗದರಿದರು.

ಬೇಡಿದಾಗ ಕೊಡುವುದಕ್ಕೂ ಒಂದು ಶಾಸ್ತ್ರವಿತ್ತು. ಗಿರಿಜಕ್ಕ ಚೂರಿಯನ್ನು ಯಾರ ಕೈಗೂ ನೇರವಾಗಿ ಕೊಟ್ಟವರಲ್ಲ. ಮಡಚಿ ಬ್ಯಾಗಿನ ಮೇಲಿಡುತ್ತಿದ್ದರು. ನಾವು ಅಲ್ಲಿಂದ ಎತ್ತಿಕೊಳ್ಳಬೇಕು, ಹಿಂದಿರುಗಿಸುವಾಗಲೂ ಅಲ್ಲೇ ಇಡಬೇಕು. ಕೈಯಿಂದ ಕೈಗೆ ಚೂರಿ ಹೋದರೆ ಇಬ್ಬರಿಗೂ ಜಗಳವಾಗುತ್ತದಂತೆ. ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೇ ಸೀಟಿನ ಎರಡಂಗುಲ ಜಾಗಕ್ಕಾಗಿ ಜುಟ್ಟು ಹಿಡಿದು ಹೊಡೆದಾಡುವ ಡಬ್ಬಿಯಲ್ಲಿ ಕೂತು ಅವರು ಜಗಳಕ್ಕೆ ಇಷ್ಟು ಹೆದರುತ್ತಿದ್ದರು.

ಕೊನೆಗೆ ಹಟಕ್ಕೆ ಬಿದ್ದು ನಾನೇ ಆನ್‌ಲೈನಿನಲ್ಲಿ ಒಂದು ತರಿಸಿದೆ. ಅದರಲ್ಲಿ ಚೂರಿಯ ಜತೆ ಕತ್ತರಿ, ಗರಗಸ, ಬಾಟಲಿ ತೆಗೆಯುವುದು, ಹಲ್ಲುಕಡ್ಡಿ ಎಲ್ಲವೂ ಇದ್ದವು. ಗಿರಿಜಕ್ಕ ಕನ್ನಡಕ ಏರಿಸಿ ಒಂದೊಂದನ್ನೇ ಬಿಚ್ಚಿ ನೋಡಿದರು.

"ಇದು ಚೂರಿಯಾ, ಅವಿಭಕ್ತ ಕುಟುಂಬವಾ? ಎಲ್ಲರೂ ಇದ್ದಾರೆ, ಕೆಲಸ ಮಾಡುವವರು ಯಾರೂ ಇಲ್ಲ."

ಟೊಮೆಟೊ ಮೇಲೆ ಇಟ್ಟು ಎಳೆದರು. ಟೊಮೆಟೊ ಕದಲಲಿಲ್ಲ. ನಾನು ಸಿಟ್ಟಿನಿಂದ ಕಸಿದುಕೊಂಡು ಒತ್ತಿದೆ. ಅದರ ಲಾಕು ಜಾರಿ ಅಲಗು ನನ್ನ ಬೆರಳ ಮೇಲೆಯೇ ಮಡಚಿಕೊಂಡಿತು. ಆ ಚೂರಿ ಜನ್ಮದಲ್ಲಿ ಸರಿಯಾಗಿ ಕೊಯ್ದದ್ದು ಅದೊಂದೇ. ಗಿರಿಜಕ್ಕ ತಮ್ಮ ಕರ್ಚೀಫು ಸುತ್ತಿ ಬಿಗಿಯಾಗಿ ಹಿಡಿದು, ಕಲ್ಯಾಣದ ಮನೆ ಬಿಟ್ಟು ಡೊಂಬಿವಲಿಯಲ್ಲಿ ನನ್ನೊಡನೆ ಇಳಿದು ಡಾಕ್ಟರ ಹತ್ತಿರ ಕೂತರು. ಅಲ್ಲೂ ಬೈಯುತ್ತಲೇ ಇದ್ದರು. ಕಣ್ಣು ಮಾತ್ರ ತುಂಬಿತ್ತು.

ನಿವೃತ್ತಿಯಾದ ಮೇಲೆ ಅವರನ್ನು ಮಗಳು ಸೀವುಡ್ಸಿನ ತನ್ನ ಫ್ಲ್ಯಾಟಿಗೆ ಕರೆದೊಯ್ದಳು. ಅಷ್ಟು ಹೊತ್ತಿಗೆ ಕೈ ನಡುಗುವ ಕಾಯಿಲೆ ಶುರುವಾಗಿತ್ತು. ನಾನು ನೋಡಲು ಹೋದ ಭಾನುವಾರ ಮಗಳು ಬಾಗಿಲಲ್ಲೇ ನನಗೆ ತಾಕೀತು ಮಾಡಿದಳು: "ಆಂಟಿ, ಮಮ್ಮಿ ಚಾಕೂ ಮಾಂಗೇ ತೋ ಮತ್ ದೇನಾ," ಅಮ್ಮ ಚೂರಿ ಕೇಳಿದರೆ ಕೊಡಬೇಡಿ ಎಂದು. ಅಡುಗೆಮನೆಯ ಚೂರಿಗಳಿಗೆಲ್ಲ ಬೀಗ ಬಿದ್ದಿತ್ತು. ಅವಳದೇನೂ ತಪ್ಪಿಲ್ಲ, ತಾಯಿಯ ಬೆರಳು ಎರಡು ಸಲ ಕೊಯ್ದುಕೊಂಡಿತ್ತು.

ಒಂದು ತಟ್ಟೆಯಲ್ಲಿ ಸೇಬಿನ ಹೋಳುಗಳು ಬಂದವು. ಪ್ರತಿ ಹೋಳಿಗೂ ಒಂದು ಫೋರ್ಕು ಚುಚ್ಚಿತ್ತು. ಗಿರಿಜಕ್ಕ ಅದನ್ನೇ ನೋಡುತ್ತ ಕೂತರು.

"ನೋಡಿದ್ಯಾ? ಹಲ್ಲಿನಲ್ಲಿ ಕಚ್ಚಿ ಹರಿದ ಹಾಗೆ ಉಂಟು. ಮೊಂಡು ಚೂರಿ. ನಾನು ಹೇಳಿದ್ರೆ ಕೇಳ್ಬೇಕಲ್ಲ."

ಮಗಳು ಫೋನು ಹಿಡಿದು ಬಾಲ್ಕನಿಗೆ ಹೋದಳು. ಗಿರಿಜಕ್ಕ ದಿಂಬಿನ ಕೆಳಗಿನಿಂದ ಕನ್ನಡಕದ ಡಬ್ಬಿ ತೆಗೆದರು. ಅದನ್ನು ತೆರೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು, ನಾನು ಸಹಾಯಕ್ಕೆ ಹೋಗಲಿಲ್ಲ. ಒಳಗೆ ಅದೇ ಚೂರಿ ಇತ್ತು, ಎಣ್ಣೆ ಸವರಿದ್ದು. ಹೊರತೆಗೆದು ಚಾಚಿದರು. ಎಲ್ಲಾದರೂ ಕೆಳಗಿಡುತ್ತಾರೆಂದು ನಾನು ಕಾದೆ. ಅವರು ನನ್ನ ಅಂಗೈ ಬಿಡಿಸಿ ನೇರವಾಗಿ ಅದರೊಳಗೆ ಇಟ್ಟು, ಬೆರಳು ಮುಚ್ಚಿಸಿದರು.

"ಅಕ್ಕಾ, ಹಿಂಗ ಕೈಯಾಗ ಕೊಡಬಾರ್ದು ಅಂತ ನೀವಽ ಹೇಳ್ತಿದ್ರಲ್ರೀ?"

"ಜಗಳ ಆಗ್ತದೆ ಅಂತ ಅಲ್ವಾ? ಆಗ್ಲಿ. ಜಗಳ ಮಾಡ್ಲಿಕ್ಕಾದ್ರೂ ಬಾ."

ಆಮೇಲೆ ತಟ್ಟೆಯತ್ತ ನೋಡುತ್ತ ಅವರೇ ಹೇಳಿದರು: "ಚೂರಿ ಕೊಡಿಸಿದವರೆಲ್ಲ ಒಬ್ಬೊಬ್ಬರಾಗಿ ಬೇರೆ ಸೀಟಿಗೆ ಹೋದ್ರು. ನೀನೊಬ್ಬಳು ದಿನಾ ಕೇಳ್ಲಿಕ್ಕೆ ಬರ್ತಿದ್ದಿ. ನಿನ್ನ ಕೈಗೆ ಎಂತ ಆಗಿತ್ತು? ಸರಿಯಾಗಿಯೇ ಇತ್ತು."

ಒಂಬತ್ತು ವರ್ಷ ನನ್ನ ಹೆಬ್ಬೆರಳನ್ನು ಬೈದದ್ದು ಇದಕ್ಕೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮಗಳು ಒಳಗೆ ಬಂದದ್ದರಿಂದ ಎರಡನ್ನೂ ನುಂಗಿ ಸೇಬು ತಿಂದೆ.

ಜಗಳಕ್ಕೆ ಹೋಗಬೇಕೆಂದರೆ ಚೂರಿಯಲ್ಲಿ ಏನಾದರೂ ಐಬು ಬೇಕಲ್ಲ. ನಾನು ಹುಡುಕಿಯೇ ಹುಡುಕಿದೆ. ಟಕ್ ಎಂಬ ಸದ್ದು ಹಾಗೇ ಇತ್ತು. ಟೊಮೆಟೊ ಮುಟ್ಟಿದರೆ ಬಿಟ್ಟುಕೊಳ್ಳುತ್ತಿತ್ತು. ಡೊಂಬಿವಲಿಯಿಂದ ಸೀವುಡ್ಸಿಗೆ ಠಾಣೆಯಲ್ಲಿ ಗಾಡಿ ಬದಲಿಸಿ ಹೋಗಬೇಕು, ದೂರೇನೂ ಇಲ್ಲದೆ ಬರೀ ಕೈಯಲ್ಲಿ ಹೋದರೆ ನಗುತ್ತಾರೆ, ಮುಂದಿನ ಭಾನುವಾರ ನೋಡೋಣ ಎಂದುಕೊಂಡೆ. ಹೀಗೆ ಮೂರು ಭಾನುವಾರ ಹೋದವು. ನಾಲ್ಕನೆಯ ಭಾನುವಾರ ಬರುವ ಮೊದಲೇ ಮಗಳ ಫೋನು ಬಂತು.

ಈಗಲೂ ಅದೇ ಗಾಡಿ, ಅದೇ ಸೀಟು. ನಾನು ಚೂರಿ ಬಿಚ್ಚಿದರೆ ಹೊಸಬರು ಹಿಂದೆ ಸರಿಯುತ್ತಾರೆ. ಮೊನ್ನೆ ಬದ್ಲಾಪುರದ ನರ್ಸು ಎಷ್ಟೋ ದಿನದ ಮೇಲೆ ಸಿಕ್ಕಿ, ನನ್ನ ಕೈಯಲ್ಲಿದ್ದುದನ್ನು ನೋಡಿ, "ಅಂತೂ ಸಿಕ್ತಾ ನಿಮಗೆ?" ಎಂದು ಮರಾಠಿಯಲ್ಲಿ ಕೇಳಿದಳು. ಹೌದೆಂದೆ. ಅವಳು ತನ್ನ ಚೂರಿ ತೆಗೆದು ಆಚೆ ಸೀಟಿನಲ್ಲಿ ಕೂತಳು. ನಾನು ಬೀನ್ಸ್ ಮುಗಿಸಿ, ಅಲಗು ಒರೆಸಿ, ಮಡಚಿ, ಪಕ್ಕದ ಖಾಲಿ ಸೀಟಿನ ಮೇಲೆ ಇಟ್ಟೆ. ದಿವಾ ಬರುವ ತನಕ ಅದು ಅಲ್ಲೇ ಇತ್ತು. ಆಮೇಲೆ ನಾನೇ ಎತ್ತಿಕೊಂಡೆ.