ಬಿಳಿ ಕುಪ್ಯಕ್ಕೆ ಕಾಜಾ

ಹಗಲು ಹೊತ್ತು ಕಣ್ಣು ಮುಚ್ಚುವವರನ್ನು ಕಂಡರೆ ಸಿದ್ದರಾಜುಗೆ ಮೈಯೆಲ್ಲ ಉರಿಯುತ್ತಿತ್ತು. ಮಡಿಕೇರಿಯ ಮಾರ್ಕೆಟ್ಟಿನ ಹಿಂದಿನ ಇಳಿಜಾರು ರಸ್ತೆಯಲ್ಲಿ, ಮಹಡಿಯ ಮೇಲಿನ ಒಂದೇ ಕೋಣೆಯ ಟೈಲರ್ ಅಂಗಡಿ ಅವನದು. ಕಿಟಕಿಯ ಬಳಿ ಮಿಷನ್ ಹಾಕಿಕೊಂಡು ಕೂತರೆ, ಊಟವಾದ ಮೇಲೆ ಬೀದಿಯಲ್ಲಿ ಯಾರು ಎಲ್ಲಿ ಒರಗಿದರು ಎಂಬುದೆಲ್ಲ ಕಾಣುತ್ತದೆ. ಆಟೋದ ಹಿಂದಿನ ಸೀಟಿನಲ್ಲಿ ಕಾಲು ಹೊರಗೆ ಚಾಚಿದ ಡ್ರೈವರ್, ಮೂಟೆಗೆ ತಲೆಯಿಟ್ಟ ತರಕಾರಿಯವಳು, ಮೇಜಿಗೆ ಕೆನ್ನೆ ಅಂಟಿಸಿದ ಮೊಬೈಲ್ ಅಂಗಡಿಯವನು. ಒಬ್ಬೊಬ್ಬರನ್ನೂ ನೋಡಿ ಅವನು ತುಟಿ ಕೊಂಕಿಸುತ್ತಿದ್ದ. "ಹಗಲು ಮಲಗೋನ ಮನೇಲಿ ಒಲೇನೂ ಆಕಳಿಸ್ತದೆ" ಎಂಬ ಮಾತನ್ನು ತಾನೇ ಕಟ್ಟಿ, ಹಳೆಯ ಗಾದೆಯೆಂದು ಹೇಳಿಕೊಂಡು ತಿರುಗುತ್ತಿದ್ದ.

ಎಲ್ಲರಿಗಿಂತ ಹೆಚ್ಚು ಅವನ ಬಾಯಿಗೆ ಸಿಕ್ಕಿದವನು ಕೆಳಗಿನ ಅಂಗಡಿಯ ಉತ್ತಯ್ಯ. ಕೊಡೆ ರಿಪೇರಿ ಮಾಡುವ ಈ ಉತ್ತಯ್ಯ ಮಧ್ಯಾಹ್ನ ಬುತ್ತಿ ಮುಗಿಸಿದವನೇ ಶಟರನ್ನು ಅರ್ಧ ಎಳೆದು, ಬೆಂಚಿನ ಮೇಲೆ ಮಲಗಿ, ಮುಖಕ್ಕೆ ಟವೆಲ್ ಹಾಕಿಕೊಳ್ಳುತ್ತಿದ್ದ. ಅರ್ಧ ಗಂಟೆಯಾದರೆ ಎದ್ದ, ಮುಖ ತೊಳೆದ, ಶಟರ್ ಎತ್ತಿದ. ಇದರಲ್ಲಿ ಅವನಿಗೆ ನಾಚಿಕೆಯೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಸಿದ್ದರಾಜು ಮಾತ್ರ ತನ್ನ ಗಿರಾಕಿಗಳಿಗೆ ಕಿಟಕಿಯಿಂದ ಬಗ್ಗಿ ಆ ಅರ್ಧ ಶಟರ್ ತೋರಿಸಿ, "ನೋಡಿ, ಹೆಣ ಇಟ್ಟಂಗೆ ಇಟ್ಟವ್ರೆ" ಎನ್ನುತ್ತಿದ್ದ.

ಇಷ್ಟು ಕೊಬ್ಬು ಬರಲು ಕಾರಣವಿಲ್ಲದಿರಲಿಲ್ಲ. ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆನಿಂತ ಬೇಸಾಯದ ಮನೆಯವನು ಅವನು. ಅಂಥವನ ಕೈಗೆ ಕೊಡವರ ಮನೆಗಳು ಕುಪ್ಯ ಹೊಲಿಯಲು ಕೊಟ್ಟಿದ್ದವು. ಕುಪ್ಯವೆಂದರೆ ಮೊಣಕಾಲಿನವರೆಗೆ ಇಳಿಯುವ ಅರ್ಧ ತೋಳಿನ ನಿಲುವಂಗಿ. ಎದೆಯ ಮೇಲೆ ಒಂದು ಮಗ್ಗುಲನ್ನು ಇನ್ನೊಂದರ ಮೇಲೆ ಎಳೆದು, ಸೊಂಟಕ್ಕೆ ರೇಷ್ಮೆಯ ಚೇಲೆ ಬಿಗಿದರೆ ಮುಗಿಯಿತು. ಅದಕ್ಕೆ ಗುಂಡಿಯಿಲ್ಲ, ಜೇಬಿಲ್ಲ. ಹಬ್ಬಕ್ಕೆಲ್ಲ ಕಪ್ಪು, ಮದುಮಗನಿಗೆ ಬಿಳಿ. ನೋಡಲು ಸುಲಭ, ಆದರೆ ಹೆಗಲು ಒಂದು ಬೆರಳು ಜಾರಿದರೂ ತೊಟ್ಟವನು ಗೋಣಿಯೊಳಗೆ ಇಳಿದ ಹಾಗೆ ಕಾಣುತ್ತಾನೆ. ಕಕ್ಕಬೆಯ ಮೊಣ್ಣಪ್ಪನವರು ಮೊದಲು ಅವನನ್ನು ನಂಬಿ ಒಂದು ಕಪ್ಪು ಬಟ್ಟೆ ಕೊಟ್ಟರು. ಅದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು ಬಂದರು. ಮೊಣ್ಣಪ್ಪನವರು ತೀರಿಕೊಂಡ ಮೇಲೂ ಅವರ ಹೆಂಡತಿ ಪೊನ್ನಮ್ಮ ಆ ಮನೆಯ ಬಟ್ಟೆಯನ್ನು ಬೇರೆ ಯಾರ ಕೈಗೂ ಕೊಟ್ಟವರಲ್ಲ. ಸಿದ್ದರಾಜುಗೆ ಬದುಕಿನಲ್ಲಿ ಇದ್ದ ಮಾನವೆಲ್ಲ ಆ ಕುಪ್ಯದ ಹೆಗಲ ಮೇಲೆಯೇ ಇತ್ತು.

ಐವತ್ತು ದಾಟಿದ ಮೇಲೆ ಅವನಿಗೂ ಆ ಮಧ್ಯಾಹ್ನದ ನಿದ್ದೆ ಬಂತು. ಊಟ ಮಾಡಿ ಕೈ ತೊಳೆದು ಕೂತರೆ ಸಾಕು, ಹಿಂದಲೆಯಲ್ಲಿ ಯಾರೋ ಬೆಚ್ಚಗಿನ ನೀರು ಹೊಯ್ದ ಹಾಗಾಗುತ್ತಿತ್ತು. ಸೂಜಿಯ ಕಣ್ಣು ಎರಡಾಗಿ ಕಾಣುತ್ತಿತ್ತು, ಕೈಯ ಕತ್ತರಿ ಒನಕೆಯಷ್ಟು ಭಾರವಾಗುತ್ತಿತ್ತು. ದಿನ ತಪ್ಪದೆ, ಅದೇ ಹೊತ್ತಿಗೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿದ್ದಿತ್ತು.

ಬಿದ್ದೆ ಎಂದು ಒಪ್ಪಿಕೊಂಡರೆ ಅವನು ಸಿದ್ದರಾಜುವೇ ಅಲ್ಲ. ಮೊದಲು ತಪ್ಪು ಮುದ್ದೆಯ ಮೇಲೆ ಬಂತು. ಹೆಂಡತಿ ವಿಶಾಲಾಕ್ಷಮ್ಮ ಬುತ್ತಿಗೆ ಮುದ್ದೆ ಕಟ್ಟುವುದನ್ನು ನಿಲ್ಲಿಸಿ ಚಪಾತಿ ಕಟ್ಟಿದಳು. ಚಪಾತಿಗೆ ನಿದ್ದೆ ಇನ್ನೂ ಬೇಗ ಬಂತು. ಬೆಲ್ಲದ ಕಪ್ಪು ಕಾಫಿಗೆ ಕಾಳುಮೆಣಸು ಕುಟ್ಟಿ ಹಾಕಿ ಕುಡಿದ. ಎದೆ ಉರಿಯಿತು, ಕಣ್ಣು ಮುಚ್ಚಿತು. ಪ್ಯಾಂಟಿನ ಸೊಂಟ ಬಿಡಿಸಲು ಬಂದ ಜಿಮ್ಮಿನ ಮಿಲನ್ ಎಂಬವನು ಎಂಥದೋ ಪುಡಿಯ ಡಬ್ಬ ಹಿಡಿಸಿ ಹೋದ. ಅದನ್ನು ಹಾಲಿಗೆ ಕದಡಿ ಕುಡಿದ ದಿನ ಹೊಟ್ಟೆ ಹಂಡೆಯಂತೆ ಉಬ್ಬಿ, ಎರಡು ಬಾರಿ ಕೆಳಗಿಳಿದು ಮೂತ್ರಾಲಯಕ್ಕೆ ಓಡಿದ್ದೇ ಲಾಭ. ಆ ಹೊತ್ತಿಗಾದರೂ ಎಚ್ಚರವಿದ್ದ ಎನ್ನಬೇಕು.

ಕೊನೆಗೆ ಅವನು ಕಂಡುಕೊಂಡ ಉಪಾಯವನ್ನು ಕೇಳಿದರೆ ನಗಬೇಕೋ ಉಗಿಯಬೇಕೋ ತಿಳಿಯುವುದಿಲ್ಲ. ಮಿಷನ್ನಿನಿಂದ ದಾರ ತೆಗೆದು, ಸೂಜಿಯ ಕೆಳಗೆ ಬಟ್ಟೆಯಿಲ್ಲದೆ, ಬರೀ ಕಾಲಿನಿಂದ ತುಳಿಯುತ್ತ ಕೂತೇ ನಿದ್ದೆ ಮಾಡುವುದನ್ನು ಕಲಿತ. ಬೆನ್ನು ನೆಟ್ಟಗೆ, ಕೈ ಹಲಗೆಯ ಮೇಲೆ, ಕಣ್ಣು ಮುಚ್ಚಿದೆ, ಕಾಲು ಮಾತ್ರ ತುಳಿಯುತ್ತಿದೆ. ಕೆಳಗೆ ಹೋಗುವವರಿಗೆ ಟಕಟಕ ಸದ್ದು ಕೇಳಬೇಕು, ಸಿದ್ದರಾಜು ದುಡಿಯುತ್ತಿದ್ದಾನೆ ಎನ್ನಬೇಕು, ಅಷ್ಟೇ. ಮಲಗಿದವನಿಗೆ ಸಿಗುವ ಸುಖವೂ ಇಲ್ಲ, ದುಡಿದವನಿಗೆ ಸಿಗುವ ಫಲವೂ ಇಲ್ಲ. ಹೀಗೆ ಎದ್ದವನ ತಲೆ ಸಂಜೆಯವರೆಗೂ ಮಂಕಾಗಿಯೇ ಇರುತ್ತಿತ್ತು.

ಅವನ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ಹೊಲಿಯುತ್ತಿದ್ದ ವೀಣಾ ಇದನ್ನೆಲ್ಲ ಕಂಡಿದ್ದಳು. ಕುಶಾಲನಗರದ ಬಸ್ಸಿನಲ್ಲಿ ದಿನಾ ಬಂದು ಹೋಗುವ, ಮಾತಿಗೆ ಮಾತು ಕೊಡುವ ಹೆಂಗಸು. "ಅಣ್ಣ, ಮಲೀಕಳಿ ಅತ್ಲಾಗೆ. ಆ ಪೆಡಲ್ ಏನು ಪಾಪ ಮಾಡಿತ್ತು?" ಎಂದು ಒಮ್ಮೆ ಕೇಳಿದ್ದಕ್ಕೆ, "ನಾನು ಲೆಕ್ಕಾಚಾರ ಮಾಡ್ತಿದ್ದೆ" ಎಂದಿದ್ದ. ಕುಪ್ಯ ಕಟಿಂಗ್ ಹೇಳಿಕೊಡಿ ಎಂದು ಅವಳು ಎಷ್ಟೋ ಸಲ ಕೇಳಿದ್ದಳು. "ಅದು ಹೆಂಗಸರ ಕೈಗೆ ಬರೋದಲ್ಲ" ಎಂದು ಪ್ರತಿ ಸಲವೂ ಮೂಗು ಮುರಿದಿದ್ದ. ಅವಳು ಪಕ್ಕದಲ್ಲಿ ಕೂತು ನೋಡಿ ನೋಡಿಯೇ ಕಲಿತಿದ್ದಳು. ಕಲಿತದ್ದನ್ನು ಅವನಿಗೆ ಹೇಳಲು ಹೋಗಿರಲಿಲ್ಲ.

ಮೇ ತಿಂಗಳಲ್ಲಿ ಪೊನ್ನಮ್ಮ ಬಂದರು. ಮೊಮ್ಮಗ ಪ್ರಜ್ಞೇಶನ ಮದುವೆ. ಚೀಲದಿಂದ ಬಿಳಿ ಬಟ್ಟೆ ತೆಗೆದು ಮೇಜಿನ ಮೇಲೆ ಇಟ್ಟು, "ಇದು ಅವರು ಇರುವಾಗಲೇ ತಂದಿಟ್ಟದ್ದು. ಹುಡುಗ ಎಷ್ಟು ಎತ್ತರ ಬೆಳೀತಾನೋ ಅಂತ ಧಾರಾಳವಾಗಿ ತಂದಿದ್ದಾರೆ. ಇಂಥದ್ದು ಈಗ ಹುಡುಕಿದ್ರೆ ಸಿಗ್ಲಿಕ್ಕಿಲ್ಲ. ಜಾಗ್ರತೆ, ಸಿದ್ದರಾಜು" ಎಂದರು. ಸಿದ್ದರಾಜು ಬಟ್ಟೆಯನ್ನು ಕಣ್ಣಿಗೊತ್ತಿಕೊಂಡ. ಅದರಲ್ಲಿ ನಾಟಕವಿರಲಿಲ್ಲ.

ಅದೇ ವಾರ ಒಂದು ಕಾಲೇಜಿನ ಲ್ಯಾಬ್ ಕೋಟುಗಳ ರಾಶಿಯೂ ಬಂದು ಬಿದ್ದಿತ್ತು. ಅವೂ ಬಿಳಿ, ಅವೂ ಮೊಣಕಾಲಿನವರೆಗೆ, ಅವೂ ಅರ್ಧ ತೋಳು. ಬೆಳಿಗ್ಗೆ ತಲೆ ತಿಳಿಯಾಗಿರುವಾಗ ಕುಪ್ಯ ಹೊಲಿದು, ಮಧ್ಯಾಹ್ನ ಕೋಟು ಹೊಲಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹಾಗೆ ಮಾಡಬೇಕೆಂದೇ ಅವನೂ ಇದ್ದ. ಆದರೆ ಮೆಟ್ಟಿಲ ಹತ್ತಿರ ಸಿಕ್ಕಿದ ಉತ್ತಯ್ಯ ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಹೇಳಿಬಿಟ್ಟ.

"ಮೊಣ್ಣಪ್ಪಜ್ಜನ ಮನೆ ಕುಪ್ಯವಾ? ಬೆಳಿಗ್ಗೆಯೇ ಹೊಲಿ ಮಾರಾಯ, ಮಧ್ಯಾಹ್ನ ಬೇಡ."

"ಯಾಕೆ? ಮಧ್ಯಾಹ್ನ ಏನಾಗ್ತದೆ?"

"ಏನಿಲ್ಲ. ಖಾಲಿ ಮಿಷನ್ ಸದ್ದು ಬೇರೆ ಇರ್ತದೆ, ಬಟ್ಟೆ ಇದ್ದಾಗಿನ ಸದ್ದು ಬೇರೆ ಇರ್ತದೆ. ನಾನು ಕೆಳಗೇ ಅಲ್ವಾ ಮಲಗೋದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಸಿದ್ದರಾಜುವಿನದು. ಮುಖ ಕೆಂಪಾಯಿತು. ಟವೆಲ್ ಹೊದ್ದು ಮಲಗುವ ಸೋಮಾರಿ ನನಗೆ ಬುದ್ಧಿ ಹೇಳುತ್ತಾನೆಯೇ ಎಂದು ಕುದಿದ. ಹಟಕ್ಕೆ ಬಿದ್ದು, ಬೆಳಿಗ್ಗೆಯೆಲ್ಲ ಕೋಟು ಹೊಲಿದು, ಊಟವಾದ ಮೇಲೆ ಕುಪ್ಯ ಕೈಗೆತ್ತಿಕೊಂಡ. ಈ ಸಲ ಮಿಷನ್ನಿಗೆ ದಾರವೂ ಹಾಕಿದ. ಕೆಳಗೆ ಮಲಗಿದವನಿಗೆ ಬಟ್ಟೆಯ ಸದ್ದೇ ಕೇಳಲಿ ಎಂದು.

ವೀಣಾ ಆ ದಿನ ನೆಂಟರ ಮನೆಯ ಗೃಹಪ್ರವೇಶಕ್ಕೆ ರಜೆ ಹಾಕಿದ್ದಳು. ನಿದ್ದೆ ತನ್ನ ಹೊತ್ತಿಗೆ ತಾನು ಬಂತು. ಕಾಲು ತುಳಿಯಿತು, ಕೈ ಬಟ್ಟೆ ದೂಡಿತು. ತಲೆ ಇಲ್ಲದ ಕೈಗೆ ಬೆಳಗಿನಿಂದ ಮಾಡಿದ್ದೇ ಗೊತ್ತು, ಅದನ್ನೇ ಮಾಡಿತು. ಸಂಜೆ ಕರೆಂಟು ಹೋಗುವ ಮೊದಲು ಇಸ್ತ್ರಿ ಮುಗಿಸಬೇಕೆಂಬ ಅವಸರದಲ್ಲಿ, ಮಂಕು ಕವಿದ ಕಣ್ಣಿನಲ್ಲೇ ಬೆನ್ನು ಮೇಲೆ ಮಾಡಿ ಮಡಚಿ, ಪೇಪರಿನಲ್ಲಿ ಸುತ್ತಿಟ್ಟ. ಮಾರನೆಯ ದಿನ ಕಕ್ಕಬೆಯ ಜೀಪಿನವನು ಬಂದು ಕಟ್ಟನ್ನು ಒಯ್ದ. ಸಿದ್ದರಾಜು ಎದೆಯುಬ್ಬಿಸಿ ಕೆಳಗಿಳಿದು, "ಮಧ್ಯಾಹ್ನವೇ ಮುಗಿಸಿದೆ" ಎಂದು ಉತ್ತಯ್ಯನಿಗೆ ಹೇಳಿ ಹತ್ತಿದ.

ಎರಡು ದಿನ ಕಳೆದು ಪೊನ್ನಮ್ಮ ತಾವೇ ಬಂದರು. ಅದೂ ಊಟದ ನಂತರದ ಆ ಹಾಳು ಹೊತ್ತಿನಲ್ಲೇ. ಕೆಳಗೆ ಉತ್ತಯ್ಯನ ಶಟರ್ ಅರ್ಧ ಇಳಿದಿತ್ತು. ಮೇಲೆ ಟಕಟಕ ಕೇಳುತ್ತಿತ್ತು. ಕೊಡೆ ಊರಿಕೊಂಡು ಮೆಟ್ಟಿಲು ಹತ್ತಿ ಬಂದರೆ, ವೀಣಾ ನೂಲು ತರಲು ಹೋಗಿದ್ದಾಳೆ, ಸಿದ್ದರಾಜು ಒಬ್ಬನೇ ಕೂತು ತುಳಿಯುತ್ತಿದ್ದಾನೆ. ಸೂಜಿಯ ಕೆಳಗೆ ಏನೂ ಇಲ್ಲ. ಬಾಯಿ ಅರ್ಧ ತೆರೆದಿದೆ. ಪೊನ್ನಮ್ಮ ಕರೆಯಲಿಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಕೊಡೆಯ ಹಿಡಿಯ ಮೇಲೆ ಎರಡೂ ಕೈ ಇಟ್ಟು, ಅವನು ಏಳುವವರೆಗೂ ನೋಡಿದರು.

ಕಣ್ಣು ಬಿಟ್ಟವನು ಎದುರಿಗೆ ಅವರನ್ನು ಕಂಡು, ತಡಬಡಿಸಿ, ಇಲ್ಲದ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಪಡಿಸಿದ.

"ಓ, ಅಮ್ಮ! ಈಗ ಬಂದ್ರಾ? ಕೆಲಸದಲ್ಲಿ ಗಮನ ಇತ್ತು, ಗೊತ್ತಾಗ್ಲಿಲ್ಲ."

ಪೊನ್ನಮ್ಮ ಪೇಪರಿನ ಕಟ್ಟು ಬಿಚ್ಚಿ ಕುಪ್ಯವನ್ನು ಅವನ ಮುಂದೆ ಹರಡಿದರು. ಹೆಗಲು ಚೆನ್ನಾಗಿಯೇ ಕೂತಿತ್ತು. ಆದರೆ ಎಡ ಎದೆಯ ಮೇಲೆ ಪೆನ್ನು ಸಿಕ್ಕಿಸಲು ತಕ್ಕ ಜೇಬು. ಅಂಚಿನುದ್ದಕ್ಕೂ ಐದು ಕಾಜಾ, ಎದುರಿಗೆ ಐದು ಗುಂಡಿ. ಜೇಬು, ಗುಂಡಿ ಬಿಚ್ಚಬಹುದು. ಬಟ್ಟೆ ಸೀಳಿ ಹೊಡೆದ ಕಾಜಾವನ್ನು ಯಾವ ದೇವರೂ ಮುಚ್ಚಲಾರ.

"ಹುಡುಗ ಹಾಕಿ ನೋಡಿದ" ಎಂದರು ಪೊನ್ನಮ್ಮ. "ಮನೆಯವರೆಲ್ಲ ಸುತ್ತ ನಿಂತಿದ್ರು. ಚಿಕ್ಕವರು ನಕ್ಕರು, ಮದುಮಗ ಇಂಜೆಕ್ಷನ್ ಕೊಡ್ಲಿಕ್ಕೆ ಹೊರಟಿದ್ದಾನೆ ಅಂತ. ನನಗೆ ನಗು ಬರ್ಲಿಲ್ಲ. ಅವರ ಬಟ್ಟೆ ಅದು."

ತಪ್ಪಾಯಿತು ಅಮ್ಮ, ನಿದ್ದೆಗಣ್ಣಲ್ಲಿ ಮಾಡಿಬಿಟ್ಟೆ ಎಂಬ ಮಾತು ಸಿದ್ದರಾಜುವಿನ ನಾಲಿಗೆಯ ತುದಿಯವರೆಗೆ ಬಂತು. ಬಂದದ್ದನ್ನು ನುಂಗಿಕೊಂಡ. ಇಷ್ಟು ವರ್ಷ ಊರನ್ನೆಲ್ಲ ಆಡಿಕೊಂಡ ಬಾಯಿ ಅದು, ನಿದ್ದೆ ಎಂಬ ಪದಕ್ಕೆ ತೆರೆಯಲಿಲ್ಲ.

"ಆ ವೀಣಾದು ಕೆಲಸ ಇದು, ಅಮ್ಮ. ಏನ್ ಹೇಳೋದು, ಮಧ್ಯಾಹ್ನ ಆದ್ರೆ ತೂಕಡಿಸ್ತಾಳೆ. ಎಷ್ಟು ಬೈದ್ರೂ ಅಷ್ಟೇ. ಫಿನಿಶಿಂಗ್ ಅವಳ ಕೈಗೆ ಕೊಟ್ಟಿದ್ದೇ ನನ್ನ ತಪ್ಪು."

"ಯಾವತ್ತು ಕೊಟ್ರಿ ಅಣ್ಣ?"

ನೂಲಿನ ಪೊಟ್ಟಣ ಹಿಡಿದು ವೀಣಾ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದು ಕುಪ್ಯ ನೋಡಿದಳು, ಪೊನ್ನಮ್ಮನ ಮುಖ ನೋಡಿದಳು. "ಇದನ್ನ ನೀವು ಹೊಲ್ದಿದ್ದು ನಾನು ಗೃಹಪ್ರವೇಶಕ್ಕೆ ಹೋಗಿದ್ದ ದಿನ. ನಾನಿಲ್ದೆ ಇರೋವಾಗ ಎಲ್ಲಿ ಬಂದು ತೂಕಡಿಸ್ದೆ? ನಿಮ್ ಕನಸಲ್ಲಾ?"

ಸಿದ್ದರಾಜು ಪೊನ್ನಮ್ಮನ ಕಡೆ ತಿರುಗಿ, ಹೆಂಗಸರ ಬಾಯಿ ನೋಡಿ ಅಮ್ಮ ಎಂಬಂತೆ ನಗಲು ನೋಡಿದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ನಗೆ.

"ನಾನು ಬಂದು ಆಗಲೇ ಬಹಳ ಹೊತ್ತಾಯ್ತು, ಸಿದ್ದರಾಜು" ಎಂದರು ಪೊನ್ನಮ್ಮ. ದನಿ ಏರಲಿಲ್ಲ. "ನೀನು ತುಳೀತಿದ್ದೆ. ನೋಡ್ತಾ ಕೂತಿದ್ದೆ. ಕೆಳಗಿನವನು ಟವೆಲ್ ಹಾಕಿ ಮಲಗಿದ್ದಾನೆ, ಅವನ ಕೊಡೆ ಯಾವತ್ತೂ ಸೋರ್ಲಿಲ್ಲ. ನಿದ್ದೆ ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ. ನೀನೂ ನಿನ್ನ ಶಟರ್ ಎಳೆದು ಆ ಕಟಿಂಗ್ ಮೇಜಿನ ಮೇಲೆ ಮಲಗು."

"ಅಮ್ಮ, ನಾನೇ ಈಗ ಸರಿಮಾಡಿ..."

"ಮಲಗು ಅಂದೆ. ವೀಣಾ, ಬಟ್ಟೆ ಉಳಿದಿದೆಯಾ?"

ವೀಣಾ ಅಟ್ಟಣಿಗೆಯ ಮೂಲೆಗೆ ಕೈ ಹಾಕಿ, ಅವನು ವಾಪಸು ಕೊಡದೆ ಸುರುಳಿ ಸುತ್ತಿ ಇಟ್ಟುಕೊಂಡಿದ್ದ ಬಿಳಿ ಬಟ್ಟೆಯನ್ನು ಎಳೆದಳು. ಮೊಣ್ಣಪ್ಪನವರ ಧಾರಾಳ ಅದರಲ್ಲಿ ಉಳಿದಿತ್ತು. ಮುಂಭಾಗದ ಎರಡೂ ಮಗ್ಗುಲಿಗೆ ಸಾಕಾಗುವಷ್ಟಿತ್ತು.

ಪೊನ್ನಮ್ಮ ಸ್ಟೂಲಿನಿಂದ ಏಳಲಿಲ್ಲ. ಬೇರೆ ದಾರಿ ಕಾಣದೆ ಸಿದ್ದರಾಜು ಶಟರ್ ಎಳೆದು ಮಲಗಿದ. ಇಂಥ ಅವಮಾನದಲ್ಲಿ ಯಾರಿಗಾದರೂ ನಿದ್ದೆ ಬಂದೀತೇ? ಅವನಿಗೆ ಬಂತು. ಗೊರಕೆ ಕಿಟಕಿ ದಾಟಿ ಬೀದಿಗೆ ಇಳಿಯಿತು. ಎದ್ದು ಮುಖ ತೊಳೆಯುತ್ತಿದ್ದ ಉತ್ತಯ್ಯ ತಲೆಯೆತ್ತಿ ನೋಡಿ, ತನ್ನ ಕೆಲಸಕ್ಕೆ ಹೋದ. ಸಿದ್ದರಾಜು ಕಣ್ಣು ಬಿಡುವಾಗ ಬಿಸಿಲು ಗೋಡೆಯಿಂದ ಇಳಿದಿತ್ತು, ಸ್ಟೂಲು ಖಾಲಿಯಿತ್ತು. ವೀಣಾ ಹೊಲಿದು ಮುಗಿಸಿದ ಕುಪ್ಯ ಕಕ್ಕಬೆಯ ದಾರಿ ಹಿಡಿದಾಗಿತ್ತು.

ಮದುವೆಗೆ ಅವನು ಹೋದ. ಕರೆದಿದ್ದರು, ಹೋಗದಿದ್ದರೆ ಜನ ಕೇಳುತ್ತಿದ್ದರು. ಬಿಳಿ ಕುಪ್ಯದ ಮೇಲೆ ಕೆಂಪು ಚೇಲೆ ಬಿಗಿದು ಪ್ರಜ್ಞೇಶ್ ನಿಂತಿದ್ದ. ಸಿದ್ದರಾಜು ದೂರದಿಂದಲೇ ಒಂದು ತಪ್ಪಾದರೂ ಸಿಕ್ಕೀತೆಂದು ಹೆಗಲಿನಿಂದ ಅಂಚಿನವರೆಗೆ ಹುಡುಕಿದ. ಸಿಗಲಿಲ್ಲ. ಊಟ ರುಚಿಸಲಿಲ್ಲ.

ಮಳೆ ಬಿಟ್ಟ ಮೇಲೆ ಪೊನ್ನಮ್ಮ ಮತ್ತೆ ಬಂದರು, ಕಿರಿಯ ಮಗನ ಕಪ್ಪು ಬಟ್ಟೆ ಹಿಡಿದು. ಸಿದ್ದರಾಜು ಎದ್ದು ನಿಂತು ಎರಡೂ ಕೈ ಚಾಚಿದ. ಅವರು ಅವನ ಆರೋಗ್ಯ ವಿಚಾರಿಸಿದರು, ವಿಶಾಲಾಕ್ಷಮ್ಮನ ಆರೋಗ್ಯ ವಿಚಾರಿಸಿದರು. ವಿಚಾರಿಸುತ್ತಲೇ ಆ ಚಾಚಿದ ಕೈಗಳನ್ನು ದಾಟಿ, ಬಟ್ಟೆಯನ್ನು ವೀಣಾಳ ಮಿಷನ್ನಿನ ಮೇಲೆ ಇಟ್ಟರು.

ಈಗ ಮಧ್ಯಾಹ್ನ ಸಿದ್ದರಾಜು ರಾಜಾರೋಷವಾಗಿ ಶಟರನ್ನು ಅರ್ಧ ಎಳೆಯುತ್ತಾನೆ. ಅರ್ಧ ಗಂಟೆ ಮಲಗದವನು ಮೂರ್ಖ ಎಂದು ಬಂದವರಿಗೆಲ್ಲ ಉಪದೇಶವನ್ನೂ ಮಾಡುತ್ತಾನೆ. ಮೇಜಿನ ಮೇಲೆ ಚಾಪೆ ಹಾಸಿ, ಮುಖಕ್ಕೆ ಟವೆಲ್ ಹಾಕಿ ಮಲಗುತ್ತಾನೆ. ಪಕ್ಕದಲ್ಲಿ ವೀಣಾಳ ಮಿಷನ್ ಓಡುತ್ತಿರುತ್ತದೆ. ಅದು ಖಾಲಿ ಮಿಷನ್ನಿನ ಸದ್ದಲ್ಲ. ಟವೆಲ್ಲಿನ ಕೆಳಗೆ ಸಿದ್ದರಾಜು ಕಣ್ಣು ಬಿಟ್ಟುಕೊಂಡು ಅದನ್ನು ಕೇಳುತ್ತ ಮಲಗಿರುತ್ತಾನೆ.